ಟ್ರಕ್ಕಿನ ಗೂಡಿಗೊಂದು ಫ್ಯಾನು

ಡ್ರಿಲ್ ಜಾರಬಹುದಿತ್ತು, ಫೈಬರ್ ಚಾವಣಿ ಸೀಳಿಹೋಗಬಹುದಿತ್ತು, ಮಳೆ ಸೋರಬಹುದಿತ್ತು, ದಾರಿಯಲ್ಲಿ ಟ್ರಾಯ್ ಊರು ದಾಟುವಷ್ಟರಲ್ಲಿ ಫ್ಯಾನಿನ ಮುಚ್ಚಳ ಹಾರಿ ಹಿಂದಿನ ಕಾರಿನ ಗಾಜಿಗೆ ಬಡಿಯಬಹುದಿತ್ತು. ಇಷ್ಟನ್ನೂ ಊಹಿಸಿಕೊಂಡು ನಾನು ನಿದ್ದೆಗೆಟ್ಟಿದ್ದೆ. ಟ್ರಕ್ಕಿನ ಹಿಂಭಾಗಕ್ಕೆ ಕೂರಿಸಿದ ಮಲಗುವ ಗೂಡಿನಲ್ಲಿ ಹೆಂಡತಿಗೆ ಉಸಿರು ಕಟ್ಟುತ್ತಿತ್ತು. "ಒಳಗಿನ ಸೆಕೆ ಹೊರಗೆ ಹೋಗೋ ಹಾಗೆ ಮಾಡಿ, ಇಲ್ದಿದ್ರೆ ಕ್ಯಾಂಪಿಂಗಿಗೆ ನೀವೊಬ್ರೇ ಹೋಗಿ," ಅಂದಿದ್ದಳು. ಅದಕ್ಕೇ ಚಾವಣಿ ಕೊರೆದು ಫ್ಯಾನು ಕೂರಿಸಿದೆ.

ಏನೂ ಸೋರಲಿಲ್ಲ, ಏನೂ ಹಾರಲಿಲ್ಲ. ಕ್ಯಾಂಪಿನಲ್ಲಿ ಅವಳು ಒಳಗೆ ಮಲಗಿದ್ದಾಗ ನಾನು ಹೊರಗೆ, ಟ್ರಕ್ಕಿನ ಪಕ್ಕದಲ್ಲೇ, ಹೆಮ್ಮೆಯಿಂದ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದೆ. ಒಳಗಿನಿಂದ ಕೆಮ್ಮು ಕೇಳಿಸಿತು.

"ರೀ, ನಿಮ್ಮ ಫ್ಯಾನು ಮೆಣಸಿನಕಾಯಿ ಘಾಟನ್ನೆಲ್ಲ ಒಳಗೆ ಎಳ್ಕೋತಿದೆ! ಮುಂದಿನ ಸಲ ಇದನ್ನೇ ಕರ್ಕೊಂಡು ಹೋಗಿ!"

ಫ್ಯಾನು ತಯಾರಿಸಿದ ಪುಣ್ಯಾತ್ಮ ಪ್ಲಸ್ಸು, ಮೈನಸ್ಸು ಎರಡೂ ತಂತಿಗೆ ಕಪ್ಪು ಬಣ್ಣವನ್ನೇ ಕೊಟ್ಟಿದ್ದ. ನಾನು ತಿರುವುಮುರುವಾಗಿ ಜೋಡಿಸಿ ಫ್ಯಾನನ್ನು ಉಲ್ಟಾ ತಿರುಗಿಸಿದ್ದೆ.