ನಿಕ್ಕಲ್ ಪಾತ್ರೆಯ ಪಾಠ

ಅನಗೋಳದಿಂದ ದಿನಾ ಬಸ್ಸು ಹಿಡಿದು ಖಾನಾಪುರದ ಕಾಲೇಜಿಗೆ ಬರುವ ರಸಾಯನಶಾಸ್ತ್ರದ ನಜ್ಮುನ್ನಿಸಾ ಮೇಡಂ ಬಾಕಿ ಪಾಠಗಳನ್ನೆಲ್ಲ ಓಡಿಸುತ್ತ ಮುಗಿಸುತ್ತಾರೆ. ಯಾವುದರ ಜೊತೆಗೂ ಸುಲಭಕ್ಕೆ ಸೇರದ ಝೆನಾನ್ ಅನಿಲದಿಂದ ಫ್ಲೋರೈಡ್ ಮಾಡುವ ಪಾಠ ಬಂತೆಂದರೆ ಮಾತ್ರ ಸೊಸೆಗೆ ಅಡುಗೆ ಕಲಿಸುವ ಅತ್ತೆಯಂತೆ ನಿಧಾನವಾಗುತ್ತಾರೆ. “ಫ್ಲೋರಿನ್ ವಿಷದ ಗಾಳಿ, ಗಾಜನ್ನೂ ತಿಂತದ. ಗಾಜಿನ ಪಾತ್ರಿ ನಡ್ಯಾಂಗಿಲ್ಲ, ನಿಕ್ಕಲ್ ಪಾತ್ರಿನ ಬೇಕು. ಝೆನಾನ್ ಜಾಸ್ತಿ, ಫ್ಲೋರಿನ್ ಕಮ್ಮಿ, ಕಾವು ನಾಕನೂರು ಡಿಗ್ರಿ,” ಎನ್ನುತ್ತ, ಇಲ್ಲದ ಪಾತ್ರೆಯ ಮುಚ್ಚಳವನ್ನು ಗಾಳಿಯಲ್ಲೇ ಬಿಗಿಮಾಡುತ್ತಾರೆ. ಗಂಟೆ ಹೊಡೆದದ್ದೂ ಅವರಿಗೆ ಕೇಳಿಸುವುದಿಲ್ಲ. ಈ ವರ್ಷ ನಂದಗಡದ ವಿದ್ಯಾರ್ಥಿನಿ ಪೂರ್ಣಿಮಾ ಕೇಳಿಯೇಬಿಟ್ಟಳು: “ನೀವು ಖರೇನ ಮಾಡೀರೇನ್ರಿ, ಮೇಡಂ?” “ಸಂಶೋಧನೆಗೆ ಸೇರಿದಾಗ ಒಮ್ಮೆ ಮಾಡಿದ್ದೆ. ಬೆಳ್ಳನ ಹರಳು ಬಂದಿದ್ವು.” “ಮತ್ತ ಯಾಕ ಬಿಟ್ರಿ? ಮನ್ಯಾಗ ಬ್ಯಾಡಂದ್ರೇನ್ರಿ?” ಮೇಡಂ ಚಾಕ್‌ಪೀಸಿನ ಪುಡಿ ಮೆತ್ತಿದ ಕೈ ನೋಡಿಕೊಂಡರು. “ಮನ್ಯಾಗ ಯಾರೂ ಬ್ಯಾಡನ್ನಲಿಲ್ಲ, ಬೇಟಾ. ಒಂದಿನ ಫ್ಲೋರಿನ್ ಸೋರ್ತು. ನನ್ನ ಜೋಡಿ ಕೆಲಸ ಮಾಡ್ತಿದ್ದ ಗೆಳತಿ ಗ್ಯಾಸಿನ ನಳ ಬಂದ್ ಮಾಡಿ ಮತ್ತ ಕೆಲಸಕ್ಕ ನಿಂತ್ಲು. ನಾನು ಅಂಜಿ ಊರಿಗೆ ಬಂದೆ.”