ಅಕ್ಕನ ಬಾವಿಗೆ ವಿಷ ಇಳಿದ ದಾರಿ

ನಾನಾಗ ಜಮಖಂಡಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ನೀರಿನಲ್ಲಿ ಕೀಟನಾಶಕ ಬೆರೆತಿದ್ದರೆ ಪತ್ತೆ ಹಚ್ಚುವ ಸೆನ್ಸರ್ ಮಾಡುವ ಗುಂಗು ನನಗೆ. ಬೆರಳಗಲದ ಪಟ್ಟಿ, ತುದಿಗೆ ಕಿಣ್ವದ ಲೇಪ. ಶುದ್ಧ ನೀರಾದರೆ ಮೀಟರಿನಲ್ಲಿ ಕರೆಂಟು ಏರುತ್ತದೆ; ವಿಷವಿದ್ದರೆ ಕಿಣ್ವ ಮಂಕಾಗಿ ಕರೆಂಟು ಕುಸಿಯುತ್ತದೆ. ಪ್ರಯೋಗಾಲಯದಲ್ಲಿ ನಾನೇ ಬೆರೆಸಿದ ನೀರನ್ನು ಬಿಟ್ಟು ಬೇರೆ ನೀರಿನಲ್ಲಿ ಅದನ್ನು ಅದ್ದಿಯೇ ಇರಲಿಲ್ಲ.

ಒಂದು ಬೆಳಿಗ್ಗೆ, ಮಹಾಲಿಂಗಪುರದ ಹತ್ತಿರ ತೋಟದಲ್ಲಿದ್ದ ಅಕ್ಕನ ಫೋನು ಬಂತು.

"ಬಾವಿ ನೀರ ಕುಡದ ಎರಡ ಆಡ ಬಾಯಾಗ ನೊರಿ ಬಂದ ಸತ್ತಾವ. ಬಾಜೂ ಹೊಲದವರ ವಿಷಾ ಹಾಕ್ಯಾರ ಅಂತ ನಿಮ್ಮ ಮಾಮಾ ಕೊಡ್ಲಿ ಹಿಡದ ನಿಂತಾರ. ಲಗೂನ ಬಾ ತಂಗಿ."

ಸೆನ್ಸರ್ ಪೆಟ್ಟಿಗೆಯ ಜೊತೆ, ಹೋಲಿಸಿ ನೋಡಲೆಂದು, ನಮ್ಮ ಮನೆಯ ನಲ್ಲಿ ನೀರಿನ ಬಾಟಲಿಯನ್ನೂ ಹಿಡಿದು ಬಸ್ಸು ಹತ್ತಿದೆ.

ಬಾವಿಕಟ್ಟೆಯ ಮೇಲೆ ಮೊದಲು ನಲ್ಲಿ ನೀರು ಪರೀಕ್ಷಿಸಿದೆ. ಕರೆಂಟು ಏರಿತು. ಹೊಸ ಪಟ್ಟಿಯನ್ನು ಬಾವಿ ನೀರಿಗೆ ಅದ್ದಿದೆ. ಕುಸಿಯಿತು. ಇನ್ನೊಂದು ಪಟ್ಟಿ ಹಾಕಿದೆ, ಮತ್ತೆ ಕುಸಿಯಿತು.

"ಖರೆ ಆತಿಲ್ಲ?" ಎಂದು ಅಕ್ಕನ ಗಂಡ, ನಮ್ಮ ಮಾಮಾ, ಕೊಡಲಿ ಎತ್ತಿಕೊಂಡರು.

"ವಿಷ ಐತಿ ಅಂತ ಇದು ಹೇಳತೈತ್ರಿ ಮಾಮಾ. ಯಾರ ಹಾಕ್ಯಾರ ಅಂತ ಹೇಳಂಗಿಲ್ಲ."

ಬದುವಿನಾಚೆ ನಿಂತಿದ್ದ ಪಕ್ಕದ ಹೊಲದವರು ಕೂಗಿದರು: "ನಮ್ಮ ಬಾವಿ ನೀರೂ ನೋಡ್ರಿ ಬಾಯಾರ!"

ನೋಡಿದೆ. ಅವರ ನೀರು ಶುದ್ಧವಾಗಿತ್ತು. ತಮ್ಮ ಬಾವಿಗಷ್ಟೇ ವಿಷ ಬಿದ್ದಿದೆಯೆಂದು ಮಾಮಾನ ಸಿಟ್ಟು ಇನ್ನೂ ಕೆರಳಿತು. ಅಕ್ಕ ಅವರ ತೋಳು ಹಿಡಿದು ಜಗ್ಗುತ್ತಿದ್ದಳು. ನಾನು ಅಡ್ಡ ನಿಂತು, ಬೆಳೆಗೆ ಹೊಡೆಯುವ ಕೀಟನಾಶಕ ಔಷಧವನ್ನು ಯಾವಾಗ, ಎಲ್ಲಿ ಕಲಸಿದ್ದು ಎಂದು ಕೇಳಿದೆ.

ಅಕ್ಕನೇ ಹೇಳಿದಳು: "ನಿನ್ನಿ. ಇಲ್ಲೇ ಡ್ರಮ್ಮಿನ್ಯಾಗ. ಔಷಧ ಹಾಕಿ, ನೀರ ತುಂಬಾಕ ಬಾವಿ ಪಂಪಿನ ಪೈಪ ಬಿಟ್ಟಿದ್ವಿ, ಕರೆಂಟ ಹೋತು. ಉಂಡ ಬರೂದ್ರಾಗ ಡ್ರಮ್ಮ ಖಾಲಿ ಆಗಿತ್ತು. ಯಾರೋ ಚೆಲ್ಯಾರ ಅಂತ ಇವರು ಒದರ್ಯಾಡಿದ್ರು."

ಪೈಪಿನ ಬಾಯಿ ಡ್ರಮ್ಮಿನ ತಳದವರೆಗೆ ಮುಳುಗಿತ್ತಂತೆ. ಡ್ರಮ್ಮಿಗೆ ನೀರು ತುಂಬಿಸಿ, ಒಂದು ಹಿಡಿ ಅರಿಷಿಣ ಕಲಸಿ, ಪೈಪನ್ನು ಹಾಗೇ ಮುಳುಗಿಸಿ ಪಂಪ್ ಚಾಲೂ ಮಾಡಿಸಿದೆ. ತುಸು ಹೊತ್ತಿಗೆ ಬಂದ್ ಮಾಡಿಸಿದೆ. ಡ್ರಮ್ಮಿನ ನೀರು ನಮ್ಮ ಕಣ್ಣೆದುರೇ ಇಳಿಯತೊಡಗಿತು. ಬಾವಿಯೊಳಗೆ, ಪಂಪಿನ ಸುತ್ತ, ಹಳದಿ ಹರಡಿತು. ನೀರು ಹಿಂದಕ್ಕೆ ಬರದಂತೆ ತಡೆಯಬೇಕಾದ ವಾಲ್ವ್ ಕೆಟ್ಟಿತ್ತು. ನಿನ್ನೆ ಕರೆಂಟು ಹೋದಾಗ ಔಷಧವೂ ಹೀಗೇ ಪೈಪಿನೊಳಗಿಂದ ಬಾವಿಗೆ ಇಳಿದಿತ್ತು.

ಮಾಮಾ ಬಾವಿಯೊಳಗೇ ನೋಡುತ್ತ ಕುಳಿತುಬಿಟ್ಟರು. ಆಮೇಲೆ ಬರಿಗೈಯಲ್ಲಿ ಬದುವಿನ ತನಕ ಹೋದರು.

"ತಪ್ಪ ತಿಳಕೊಂಡಿದ್ನಪಾ," ಎಂದರು.

ಸಂಜೆಗೆ ಆಚೆಯವರು ತಮ್ಮ ಬಾವಿಯಿಂದ ಪೈಪು ಎಳೆದು ಅಕ್ಕನ ತೊಟ್ಟಿಗೆ ನೀರು ಬಿಟ್ಟರು.

ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದ ಅಕ್ಕನ ಬಾವಿ ನೀರಿನಲ್ಲೂ ಅದೇ ಔಷಧ ಸಿಕ್ಕಿತು. ಬಾವಿಯ ನೀರನ್ನೆಲ್ಲ ಹಳ್ಳಕ್ಕೆ ಸೇರದಂತೆ ಬೀಳುಹೊಲಕ್ಕೆ ಹರಿಸಿ, ವಾಲ್ವ್ ಬದಲಿಸಿದರು. ಹೊಸ ನೀರು ಊರಿದ ಮೇಲೆ ಹೋಗಿ ಪಟ್ಟಿ ಅದ್ದಿದೆ, ಕರೆಂಟು ಏರಿತು. ಅಕ್ಕ ಮೀಟರನ್ನೂ ನನ್ನ ಮುಖವನ್ನೂ ನೋಡಿದಳು.

"ಹುಡುಗೂರ ಕುಡೀತಾವ," ಎಂದಳು. "ಇನ್ನೊಮ್ಮಿ ನೋಡ."

ನೋಡಿದೆ.