ನಮ್ಮವರ ಸ್ಟ್ರೇಟ್ ಪೈಪೂ ನನ್ನ ತವರಿನ ಕಣಕಿಯೂ

ಮೂರು ವರ್ಷದ ಹಿಂದಿನ ಮಾತು. ಹಿಂಗಾರಿ ಜೋಳದ ರಾಶಿ ಮುಗಿದು ಬಿಸಿಲು ಏರತೊಡಗಿತ್ತು. ನಾವು ಆಳಂದ ತಾಲೂಕಿನ ಸರಸಂಬಾದವರು. ಮನೆಯಲ್ಲಿ ನಾಲ್ಕು ಎಮ್ಮೆ, ಬಾಗಿಲಲ್ಲಿ ಒಂದು ಪಿಕಪ್ ಗಾಡಿ. ಆ ಗಾಡಿಯನ್ನು ನಾನು ಸವತಿ ಎಂದೇ ಕರೆಯುವುದು. ನಮ್ಮ ಮನೆಯವರು ಬೆಳಗ್ಗೆ ಎದ್ದು ಮೊದಲು ಅದರ ಮುಖ ತೊಳೆಯುತ್ತಾರೆ, ಆಮೇಲೆ ತಮ್ಮದು. ನನಗೆ ಜ್ವರ ಬಂದರೆ "ಗುಳಿಗಿ ತಗೊಂಡಿಲ್ಲ?" ಎಂದು ಬಾಗಿಲಲ್ಲೇ ನಿಂತು ಕೇಳುವ ಮನುಷ್ಯ, ಗಾಡಿ ಒಂದು ಸಲ ಕೆಮ್ಮಿದರೆ ಊಟ ಬಿಟ್ಟು ಅದರ ಹೊಟ್ಟೆಯ ಕೆಳಗೆ ಹೋಗಿ ಮಲಗುತ್ತಾರೆ. ಹಾಗಂತ ಕೆಟ್ಟವರಲ್ಲ. ಹುಚ್ಚು, ಅಷ್ಟೇ.

ಆ ವರ್ಷ ಹುಚ್ಚು ಹೊಸ ದಾರಿ ಹಿಡಿಯಿತು. ಮೊಬೈಲಿನಲ್ಲಿ ಯಾರದೋ ಗಾಡಿ ನೋಡಿದರಂತೆ. ಸೈಲೆನ್ಸರ್ ಡಬ್ಬಿ ಕಿತ್ತು ಒಗೆದು, ಇಂಜಿನ್ನಿನಿಂದ ಸೀದಾ ಹೊರಗೆ ಒಂದೇ ಪೈಪು. ಅದಕ್ಕೆ ಸ್ಟ್ರೇಟ್ ಪೈಪ್ ಅನ್ನುತ್ತಾರಂತೆ. "ಇಂಜಿನ್ ಖುಲ್ಲಾ ಉಸಿರಾಡ್ತದ, ಲೋಡ್ ಇದ್ರೂ ಏರಿನ್ಯಾಗ ದಮ್ ಹತ್ತಂಗಿಲ್ಲ" ಎಂದು ವಾರಗಟ್ಟಲೆ ಅದೇ ಜಪ. ಒಂದು ಸಂಜೆ ಮನೆಯ ಮುಂದಿನ ಕಟ್ಟೆಯ ಮೇಲೆ ಗೆಳೆಯರ ಮುಂದೆಯೂ ಅದನ್ನೇ ಶುರು ಮಾಡಿದರು. ನನಗೆ ತಡೆಯಲಾಗಲಿಲ್ಲ.

"ಆ ಸಪ್ಪಳಕ್ಕ ಎಮ್ಮಿ ಬೆದರಿ ಹಾಲ ಕೊಡ್ಲಿಲ್ಲಂದ್ರ ನಿಮ್ಮ ಪೈಪ್ ಹಿಂಡ್ಬೇಕೇನ್ರಿ?" ಎಂದೆ.

ಗೆಳೆಯರು ಹೋ ಎಂದು ನಕ್ಕರು. ಇವರ ಮುಖ ಕೆಂಪಾಯಿತು. "ನೀ ಸುಮ್ಮ ಕೂಡು. ಗಾಡಿ ಸುದ್ದಿ ನಿನಗೇನ್ ತಿಳೀತದ?" ಎಂದುಬಿಟ್ಟರು.

ನಾಲ್ಕು ಮಂದಿಯ ಎದುರು ಹಾಗೆ ಅನ್ನಿಸಿಕೊಂಡು ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಜಗಳವಾಡಿ ಮುಗಿಯುವ ಜಾತಿಯದಲ್ಲ. ನಾನು ಮಾತು ಬಿಡುತ್ತೇನೆ. ರೊಟ್ಟಿ ಬಡಿದು ಹಾಕುತ್ತೇನೆ, ನೀರು ಕಾಯಿಸಿ ಇಡುತ್ತೇನೆ, ಬಾಯಿ ಮಾತ್ರ ತೆರೆಯುವುದಿಲ್ಲ. ತಿಳಿಯದವಳು ಯಾಕೆ ಮಾತಾಡಬೇಕು?

ಮೂರನೆಯ ದಿನ ಅಫಜಲಪುರದ ಹತ್ತಿರದ ನನ್ನ ತವರಿಗೆ ಹೋಗುವುದಿತ್ತು. ನಮ್ಮಣ್ಣ ಪ್ರತಿ ವರ್ಷ ರಾಶಿಯಾದ ಮೇಲೆ ಎಮ್ಮೆಗಳಿಗೆಂದು ಒಂದು ಗಾಡಿ ಕಣಕಿ, ಅಂದರೆ ಜೋಳದ ಒಣ ದಂಟು, ತಂಗಿಗೆ ಕೊಡುತ್ತಾನೆ. ಹೋಗುವ ದಾರಿಯಲ್ಲಿ ಇವರು ಆಳಂದದಲ್ಲಿ ವೆಲ್ಡಿಂಗ್ ಮಾಡುವ ಮಸ್ತಾನ್ ಚಾಚಾನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರು. ನಾನು ಒಂದು ಹಳೇ ಟಾಯರಿನ ಮೇಲೆ ಕುಳಿತೆ.

ಚಾಚಾ ಮೊದಲು ಒಪ್ಪಲೇ ಇಲ್ಲ. "ಪೊಲೀಸ್ರು ಹಿಡೀತಾರ, ಸುಮ್ನ ಲಫಡಾ ಯಾಕ?" ಎಂದರು. ಇವರು ಬಿಡಬೇಕಲ್ಲ! ಕೊನೆಗೆ ಮುದುಕ ನಗುತ್ತಾ ಎದ್ದರು. ಕೆಲಸ ಮಾತ್ರ ನೋಡುವಂತಿತ್ತು. ಪೈಪಿನ ತುಂಬ ಒಣ ಮರಳು ಜಡಿದು, ಎರಡೂ ಬಾಯಿಗೆ ಕಟ್ಟಿಗೆಯ ಬೆಣೆ ಹೊಡೆದು, ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ ಮೆಲ್ಲಗೆ ಬಗ್ಗಿಸಿದರು. "ಉಸುಕ ತುಂಬಲಿಲ್ಲಂದ್ರ ಪೈಪ್ ಮಡಚಿ ಚಪ್ಪಟಿ ಆಗ್ತದ ಬೇಟಿ" ಎಂದು ನನಗೂ ತಿಳಿಸಿ ಹೇಳಿದರು. ನನಗೆ ಇಷ್ಟವಾಯಿತು. ತೋರಿಸಿಕೊಳ್ಳಲಿಲ್ಲ.

ಪೈಪಿನ ಬಾಯಿ ಎಲ್ಲಿ ಬರಬೇಕು ಎನ್ನುವಾಗ ಜಗ್ಗಾಟ ಶುರುವಾಯಿತು. ಚಾಚಾ ಹಿಂದಕ್ಕೆ ಒಯ್ಯೋಣ ಎಂದರು. ಇವರಿಗೆ ಎಡಗಡೆ, ಹಿಂದಿನ ಗಾಲಿಯ ಮುಂದೆ, ಸ್ವಲ್ಪ ಮೇಲೆ ಮುಖ ಮಾಡಿ ಜನಕ್ಕೆ ಕಾಣಬೇಕು.

"ಬಾಜೂಕ ಹೊರಗ ಬರೋ ಮಾಲ್ ಹೇರ್ತೀಯೇನು? ಹಂಗಿದ್ರ ಬ್ಯಾಡ. ಬಿಸಿ ಉರಿ, ಕಿಡಿ ಎಲ್ಲಾ ಮ್ಯಾಲೆ ಹೊಡೀತದ."

"ಇಲ್ಲ ಚಾಚಾ. ಗೊಬ್ಬರ ಚೀಲ, ತರಕಾರಿ, ಹಾಲಿನ ಕ್ಯಾನು. ಎಲ್ಲಾ ಬಾಡಿ ಒಳಗ."

ಇವರು ಸುಳ್ಳು ಹೇಳಲಿಲ್ಲ. ಕಣಕಿ ಬರುವುದು ವರ್ಷಕ್ಕೊಮ್ಮೆ, ಅದೂ ನನ್ನ ತವರಿನ ವ್ಯವಹಾರ. ಪೈಪಿನ ಗುಂಗಿನಲ್ಲಿ ಮರೆತಿದ್ದರು. ನಾನು ಮರೆತಿರಲಿಲ್ಲ. ಕಣಕಿಯ ದಂಟು ಗಾಡಿಯ ಅಗಲಕ್ಕಿಂತ ಉದ್ದ, ಅಡ್ಡ ಒಟ್ಟಿದರೆ ಎರಡೂ ಕಡೆ ಹೊರಗೆ ಚಾಚಿ ಕೆಳಗೆ ಜೋತು ಬೀಳುತ್ತದೆ. ನಾಳೆಯೇ ಹೇರುವುದಿದೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಚಾಚಾ ನನ್ನ ಕಡೆ ತಿರುಗಿ "ನೀ ಏನಂತಿ ಬೇಟಿ?" ಎಂದು ಕೇಳಿಯೂ ಕೇಳಿದರು.

"ನನಗೇನ್ ತಿಳೀತದ ಚಾಚಾ, ಗಾಡಿ ಸುದ್ದಿ" ಎಂದೆ.

ಇವರು ತಲೆ ತಗ್ಗಿಸಿದರು. ಸರಿಯಾಗಿ ಮುಟ್ಟಿತು ಎಂದು ನನಗೆ ಒಳಗೊಳಗೇ ಖುಷಿಯಾಯಿತು.

ಗಾಡಿ ಶುರು ಮಾಡಿದ ಕೂಡಲೇ ಬೇವಿನ ಮರದ ಕಾಗೆಗಳೆಲ್ಲ ಹಾರಿಹೋದವು. ಇವರ ಮುಖ ನೋಡಬೇಕಿತ್ತು, ಜಾತ್ರೆಯಲ್ಲಿ ಪೀಪಿ ಕೊಡಿಸಿದಂತೆ! ನಗು ಬಂದು ಸೆರಗು ಬಾಯಿಗೆ ಹಿಡಿದುಕೊಂಡೆ.

ಮರುದಿನ ಮಧ್ಯಾಹ್ನ ತವರಿನಲ್ಲಿ ಕಣಕಿ ಹೇರಿದರು. ಪೆಂಡಿಗಳನ್ನು ಅಡ್ಡ ಒಟ್ಟುತ್ತಾ ಡ್ರೈವರ್ ಕೋಣೆಯ ಮೇಲೂ ಹಾಕಿ ಹಗ್ಗ ಬಿಗಿದರು. "ಒಳಗ ಕೂಡು ಬಾ, ಬಿಸಲ ಭಾಳ ಅದ" ಎಂದು ಇವರು ಮೆತ್ತಗೆ ಕರೆದರು. ನಾನು ಕೇಳಿಸದವಳ ಹಾಗೆ ಕಣಕಿಯ ಮೇಲೆ ಹತ್ತಿ ಕುಳಿತೆ. ಪೈಪಿನ ಬಾಯಿಯ ಮೇಲೆ ದಂಟು ಜೋತುಬಿದ್ದದ್ದನ್ನು ಆಗ ಬಗ್ಗಿಯಾದರೂ ನೋಡಿದೆನೇ? ಇಲ್ಲ. ನನಗೆ ಸಿಟ್ಟಿನಲ್ಲಿ, ಇವರಿಗೆ ಹೊಸ ಪೈಪಿನ ಗುಂಗಿನಲ್ಲಿ, ಚಾಚಾ ನಿನ್ನೆ ಹೇಳಿದ್ದೇ ಮರೆತು ಹೋಗಿತ್ತು.

ಅಫಜಲಪುರ ದಾಟಿ ಸ್ವಲ್ಪ ದೂರ ಬಂದಿದ್ದೆವು. ಮೂಗಿಗೆ ಸೀತನಿ ಸುಟ್ಟ ವಾಸನೆ ಬಡಿಯಿತು. ಯಾರೋ ಹೊಲದಲ್ಲಿ ಎಳೆ ತೆನೆ ಸುಡುತ್ತಿದ್ದಾರೆ ಎಂದುಕೊಂಡೆ. ಆದರೆ ಸೀತನಿಯ ಕಾಲ ಯಾವಾಗಲೋ ಮುಗಿದಿತ್ತು. ಬಗ್ಗಿ ನೋಡಿದರೆ ಎಡಗಡೆಯ ಪೆಂಡಿಗಳು ಕೆಂಪಗೆ ಕಣ್ಣು ಬಿಡುತ್ತಿದ್ದವು.

"ರೀ! ಏನ್ರೀ! ಬೆಂಕಿ!"

ಆ ಪೈಪಿನ ಅಬ್ಬರದಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಮೇಲಿಂದ ತಗಡು ಬಡಿಯೋಣವೆಂದರೆ ಕೆಳಗೆಲ್ಲ ಕಣಕಿ. ಯಾವ ದೇವರು ಬುದ್ಧಿ ಕೊಟ್ಟನೋ, ಮುಂದಿನ ಒಂದು ಪೆಂಡಿ ಕಿತ್ತು ಗಾಜಿನ ಮೇಲೆ ನೂಕಿದೆ. ಗಾಡಿ ಕಿರ್ರೆಂದು ನಿಂತಿತು.

ಇವರು ಇಳಿದು ನೋಡಿ "ಅಯ್ಯೋ ಶಿವನೇ!" ಎಂದು ನನಗೆ ಕೈ ಕೊಟ್ಟು ಬಲಗಡೆಯಿಂದ ಇಳಿಸಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡರೆ, ಈ ಮನುಷ್ಯ ತಿರುಗಿ ಓಡಿಹೋಗಿ ಗಾಡಿಯಲ್ಲಿ ಕೂರಬೇಕೇ! "ಮುಂದ ಹಳ್ಳ ಅದ, ನೀರಿಗಿ ಇಳಸ್ತೇನಿ!" ಎಂದು ಗೇರ್ ಹಾಕತೊಡಗಿದರು. ಹಿಂದೆ ಉರಿ ಆಳೆತ್ತರ ಎದ್ದಿತ್ತು, ಗಾಳಿಗೆ ಮುಂದಕ್ಕೇ ಬರುತ್ತಿತ್ತು. ಡೀಸೆಲ್ ಟ್ಯಾಂಕು ಅದರ ಕೆಳಗೇ. ಬಾಗಿಲು ಹಿಡಿದು "ಇಳೀರಿ, ಕೈ ಮುಗೀತೇನಿ ಇಳೀರಿ" ಎಂದು ಅತ್ತೆ. ನನ್ನ ಕಡೆ ನೋಡಲೂ ಇಲ್ಲ.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆ ಮುಂಜಿಯಲ್ಲಿ ಪ್ರಾಸದ ಒಡಪು ಕಟ್ಟಿ, ಅದರೊಳಗೆ ಸೇರಿಸಿ ನಾಚಿಕೊಂಡು ಹೇಳಿದರೆ ಉಂಟು. ಬರಿ ಹೆಸರು ನನ್ನ ಬಾಯಲ್ಲಿ ಇಪ್ಪತ್ತೆರಡು ವರ್ಷ ಬಂದಿರಲಿಲ್ಲ. ಅವತ್ತು ಬಂತು.

"ಲೇ ಶಿವಶರಣಪ್ಪಾ! ಇಳಿಯಲೇ ಕೆಳಗ! ಗಾಡಿ ಸುಟ್ಟು ಬೂದಿಯಾಗ್ಲಿ, ನೀ ಇಳೀ!"

ಗಾಡಿಗೆ ಬೆಂಕಿ ಹತ್ತಿದಾಗಲೂ ಬೆದರದ ಮನುಷ್ಯ ನನ್ನ ಮುಖ ನೋಡಿ ದಂಗಾಗಿ ಕುಳಿತರು. ಕೈ ಗೇರಿನಿಂದ ಜಾರಿತು. ಅದೇ ಹೊತ್ತಿಗೆ ಅಂಗಿಯ ಕಾಲರ್ ಹಿಡಿದು ಜಗ್ಗಿದೆ. ಇಬ್ಬರೂ ರಸ್ತೆಯ ಮೇಲೆ ಬಿದ್ದೆವು.

ಪಕ್ಕದಲ್ಲಿ ಕಬ್ಬಿಗೆ ನೀರು ಬಿಡುತ್ತಿದ್ದ ರೈತನೊಬ್ಬ ಪೈಪನ್ನು ರಸ್ತೆಯವರೆಗೆ ಎಳೆದು ತಂದ. ಕಳೆ ತೆಗೆಯುತ್ತಿದ್ದ ಐದಾರು ಹೆಂಗಸರು ಓಡಿಬಂದು ಕುಡುಗೋಲಿನಿಂದ ಹಗ್ಗ ಕೊಯ್ದು ಪೆಂಡಿಗಳನ್ನು ಎಳೆದು ಹಾಕಿದರು. ಅವರ ಹೆಸರು ಕೇಳುವ ಎಚ್ಚರವೂ ನನಗಿರಲಿಲ್ಲ, ಅವರ ಋಣ ಹಾಗೇ ಉಳಿದಿದೆ. ಅರ್ಧ ಕಣಕಿ ಹೋಯಿತು, ಗಾಡಿಯ ಎಡಮೈ ಬಣ್ಣ ಬೊಬ್ಬೆ ಎದ್ದಿತು, ಗಾಡಿ ಉಳಿಯಿತು. ಎಲ್ಲಾ ತಣ್ಣಗಾದ ಮೇಲೆ ಅವರಲ್ಲೊಬ್ಬ ಮುದುಕಿ ಸೊಂಟದ ಮೇಲೆ ಕೈ ಇಟ್ಟು "ಏನಬೇ, ಗಂಡಗ ಹಂಗ ಲೇ ಅಂತ ಒದರೋದೇನ? ಭೀಮಾ ನದಿ ಆಚಿ ದಂಡಿಗಿ ಕೇಳ್ತು ನೋಡು" ಎಂದಳು. ಎಲ್ಲರೂ ನಕ್ಕರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಆಕೆಯೇ ತಬ್ಬಿಕೊಂಡು ಮಜ್ಜಿಗೆ ಕುಡಿಸಿದಳು.

ಮರುದಿನ ಆಳಂದದ ಅಂಗಡಿಯಲ್ಲಿ ಚಾಚಾ ಗಾಡಿ ನೋಡಿ ಎರಡೂ ಕಿವಿ ಹಿಡಿದುಕೊಂಡರು. "ತೌಬಾ, ತೌಬಾ. ನನ್ನ ಕೈಯಿಂದ ಆತು. ಇವ ಏನಂದ್ರೂ ನಾ ಹಿಂದಕ್ಕ ಒಯ್ಯಬೇಕಿತ್ತು." ಮುದುಕನ ಕಣ್ಣು ತುಂಬಿತ್ತು. "ಇಲ್ಲ ಚಾಚಾ, ತಪ್ಪು ನಂದು" ಎಂದರು ಇವರು. ನನಗೆ ಸುಮ್ಮನಿರಲಾಗಲಿಲ್ಲ.

"ನಿಮ್ದೂ ಅಲ್ಲ, ಇವರ್ದೂ ಅಲ್ಲ. ನೀವು ಕೇಳಿದಾಗ ನನಗ ಕಣಕಿ ನೆನಪಿತ್ತು ಚಾಚಾ. ಸಿಟ್ಟಿಗಿ ಸುಮ್ಮ ಕುಂತೆ."

ಚಾಚಾ ಹಳೇ ಸೈಲೆನ್ಸರ್ ಹುಡುಕಿ ತಂದು ಕೂಡಿಸತೊಡಗಿದರು.

ಊರಿಗೆ ಬರುವಾಗ ಗಾಡಿಯೊಳಗೆ ಪಕ್ಕದಲ್ಲೇ ಕುಳಿತಿದ್ದೆ. ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಇವರು ರಸ್ತೆ ನೋಡುತ್ತಲೇ ಹೇಳಿದರು: "ನಾಲ್ಕು ಮಂದ್ಯಾಗ ನಾನರ ಹಂಗನ್ನಬಾರದಿತ್ತು. ತಪ್ಪಾತು."

ಆ ಉರಿಯ ಮುಂದೆ ಗೇರ್ ಹಿಡಿದು ಕುಳಿತಿದ್ದ ಅವರ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ. ನನ್ನ ಬಾಯಲ್ಲಿ ಒಂದು ಮಾತಿತ್ತು, ಸೇಡಿಗೆ ನುಂಗಿದೆ, ಅದು ಅವರ ಜೀವಕ್ಕೆ ಬರುತ್ತಿತ್ತು. ಹಾಗಂತ ನಾನೇನೂ ದೇವತೆಯಾಗಿಲ್ಲ. ಇಂದಿಗೂ ಸಿಟ್ಟು ಬಂದರೆ ಮಾತು ಬಿಡುತ್ತೇನೆ. ಹೋದ ವಾರವೂ ಎರಡು ದಿನ ಬಿಟ್ಟಿದ್ದೆ. ಬೆಳಗ್ಗೆ ಗಾಡಿ ಹೊರಡುವಾಗ ಮಾತ್ರ ಬಾಗಿಲಿಗೆ ಹೋಗಿ ನಿಂತೆ.

"ನಾ ನಿಮ್ ಕೂಡ ಮಾತ ಬಿಟ್ಟೇನಿ" ಎಂದೆ. "ಆದ್ರ ಕೇಳ್ರಿ, ಹಿಂದಿನ ಗಾಲ್ಯಾಗ ಗಾಳಿ ಕಮ್ಮಿ ಅದ."

ಅವರು ಗಾಡಿ ಬಂದ್ ಮಾಡಿ, ಇಳಿದು ಬಂದು ನೋಡಿದರು.